ಬರವಣಿಗೆ, ಓದು, ಫೋನು: ಮೂರಕ್ಕೂ ಜಾಗ ಸಿಗುವ ವಾರವನ್ನು ಹೊಂದಿಸಿಕೊಳ್ಳುವುದು ಹೇಗೆ

ಬರೆಯುವವರನ್ನು ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ "ಟೈಮೇ ಸಿಗಲ್ಲ" ಅನ್ನುತ್ತಾರೆ. ಸಮಯ ಕಡಿಮೆ ಇರುವುದು ನಿಜ. ಆದರೆ ವಾರ ಕೈಜಾರುವುದು ಹೆಚ್ಚಾಗಿ ಬೇರೆ ಕಾರಣಕ್ಕೆ. "ದಿನಾ ಒಂದು ಗಂಟೆ ಬರೆಯುತ್ತೇನೆ, ಒಂದು ಗಂಟೆ ಓದುತ್ತೇನೆ, ಫೋನು ಅರ್ಧ ಗಂಟೆ ಮಾತ್ರ" ಅಂತ ನಾವು ಮೂರಕ್ಕೂ ಒಂದೇ ಅಳತೆಯಲ್ಲಿ ಪಾಲು ಹಂಚುತ್ತೇವೆ. ಹಾಳೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ವಾರದ ಮಧ್ಯಕ್ಕೆ ಬರುವಷ್ಟರಲ್ಲಿ ಕೈಬಿಟ್ಟು ಹೋಗಿರುತ್ತದೆ.

ಯಾಕೆಂದರೆ ಈ ಮೂರರ ಸ್ವಭಾವವೇ ಬೇರೆ ಬೇರೆ. ಬರವಣಿಗೆಗೆ ಉದ್ದನೆಯ, ಯಾರೂ ಕರೆಯದ ಹೊತ್ತು ಬೇಕು, ಆದರೆ ಅದು ದಿನಾ ಸಿಗಲೇಬೇಕು ಅಂತೇನಿಲ್ಲ. ಓದಿಗೆ ಚಿಕ್ಕ ಚಿಕ್ಕ ಹೊತ್ತು ಸಾಕು, ಆದರೆ ನಡುವೆ ಅಂತರ ಬಿಟ್ಟು ಮತ್ತೆ ಮತ್ತೆ ಅದೇ ವಿಷಯಕ್ಕೆ ಬರಬೇಕು. ಫೋನಿನ ವಿಷಯದಲ್ಲಿ ಎಷ್ಟು ಹೊತ್ತು ಅನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಅನ್ನುವುದೇ ಮುಖ್ಯ. ಅದಕ್ಕೇ ನಾನು ಹೇಳುವುದು, ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿಯಿರಿ. ಹೇಗೆ ಅಂತ ಒಂದೊಂದಾಗಿ ನೋಡೋಣ.

1. ಮೊದಲ ವಾರ ಏನನ್ನೂ ಬದಲಾಯಿಸಬೇಡಿ, ಸುಮ್ನೆ ಬರೆದಿಡಿ

ವಾರಕ್ಕೆ 168 ಗಂಟೆ. ನಿದ್ದೆ, ಕೆಲಸ ಅಥವಾ ಕಾಲೇಜು, ಓಡಾಟ, ಮನೆಕೆಲಸ ಎಲ್ಲ ಕಳೆದ ಮೇಲೆ ಉಳಿಯುವುದು ಎಷ್ಟು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ತರ. ಅದನ್ನು ಊಹಿಸಬೇಡಿ. ಒಂದು ವಾರ, ರಾತ್ರಿ ಮಲಗುವ ಮುಂಚೆ, ಆ ದಿನ ಎಲ್ಲೆಲ್ಲಿ ಬಿಡುವು ಸಿಕ್ಕಿತು, ಆ ಬಿಡುವಿನಲ್ಲಿ ಏನು ಮಾಡಿದಿರಿ ಅಂತ ನಾಲ್ಕು ಸಾಲು ಬರೆಯಿರಿ. ಬಿಡುವು ಸಿಕ್ಕಾಗ ತಲೆ ಹೇಗಿತ್ತು ಅನ್ನುವುದನ್ನೂ ಬರೆಯಿರಿ: ಚುರುಕಾಗಿತ್ತಾ, ಸುಸ್ತಾಗಿತ್ತಾ? ಇದು ಗಂಟೆಯ ಲೆಕ್ಕಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಸುಸ್ತಾದ ಎರಡು ಗಂಟೆಗಿಂತ ಚುರುಕಾದ ಮುಕ್ಕಾಲು ಗಂಟೆ ಬರವಣಿಗೆಗೆ ಎಷ್ಟೋ ಮೇಲು.

ಫೋನಿನ ಲೆಕ್ಕವನ್ನು ಫೋನೇ ಇಟ್ಟಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್, ಎರಡೂ 2018ರಿಂದ ಇವೆ, ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತವೆ. ಎಲ್ಲರೂ ಒಟ್ಟು ಎಷ್ಟು ಗಂಟೆ ಅನ್ನುವುದನ್ನೇ ನೋಡಿ ಬೇಜಾರು ಮಾಡಿಕೊಳ್ಳುತ್ತಾರೆ. ಆ ಅಂಕಿ ಬಿಡಿ. ದಿನಕ್ಕೆ ಎಷ್ಟು ಸಲ ಫೋನ್ ಅನ್‌ಲಾಕ್ ಮಾಡಿದಿರಿ, ಎಷ್ಟು ನೋಟಿಫಿಕೇಶನ್ ಬಂದವು, ಇವೆರಡನ್ನು ನೋಡಿ. ಐಫೋನ್ ಆದರೆ ಫೋನ್ ಎತ್ತಿದ ತಕ್ಷಣ ಮೊದಲು ತೆರೆದ ಆ್ಯಪ್ ಯಾವುದು ಅನ್ನುವುದನ್ನೂ ತೋರಿಸುತ್ತದೆ. ಒಂದೇ ಕೂತಲ್ಲಿ ಎರಡು ಗಂಟೆ ವಿಡಿಯೋ ನೋಡಿದರೆ ಹೋಗುವುದು ಎರಡು ಗಂಟೆ ಮಾತ್ರ. ಅದೇ ಎರಡು ಗಂಟೆಯನ್ನು ಇಡೀ ದಿನ ಎರಡೆರಡು ನಿಮಿಷವಾಗಿ ಚೆಲ್ಲಿದರೆ, ಬರೆಯಲು ಬೇಕಾದ ಒಂದೇ ಒಂದು ಉದ್ದನೆಯ ಹೊತ್ತೂ ಉಳಿಯುವುದಿಲ್ಲ.

2. ಒಂದು ಪ್ರಾಜೆಕ್ಟ್ ಮೇಜಿನ ಮೇಲೆ, ಒಂದು ಪಕ್ಕದಲ್ಲಿ, ಉಳಿದವು ಪಟ್ಟಿಯಲ್ಲಿ

ಬರೆಯುವವರ ಹತ್ತಿರ ಒಂದೇ ಕೆಲಸ ಇರುವುದೇ ಅಪರೂಪ, ಅಲ್ವಾ? ಅರ್ಧ ಆದ ಕಾದಂಬರಿ, ಒಂದು ಪತ್ರಿಕೆಗೆ ಒಪ್ಪಿಕೊಂಡ ಲೇಖನ, ಎರಡು ಕಥೆಯ ಹೊಳಹು, ಯಾರಿಗೋ ಮಾಡಿಕೊಡಬೇಕಾದ ಅನುವಾದ. ಎಲ್ಲದಕ್ಕೂ ವಾರಕ್ಕೆ ಸ್ವಲ್ಪ ಸ್ವಲ್ಪ ಸಮಯ ಕೊಟ್ಟರೆ ನ್ಯಾಯ ಅನ್ನಿಸಬಹುದು. ಆದರೆ ಪ್ರತಿ ಸಲ ಕೂತಾಗಲೂ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

ಒಂದನ್ನು ಮೇಜಿನ ಮೇಲಿನದು ಅಂತ ಮಾಡಿ. ಈ ತಿಂಗಳು, ಅಥವಾ ಮೊದಲ ಕರಡು ಮುಗಿಯುವ ತನಕ, ಉದ್ದನೆಯ ಹೊತ್ತುಗಳೆಲ್ಲ ಅದಕ್ಕೇ. ಇನ್ನೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಇದು ಸುಸ್ತಾದ ಹೊತ್ತಿನಲ್ಲೂ ಮಾಡಬಹುದಾದ ಕೆಲಸವಾಗಿರಲಿ: ತಿದ್ದುವುದು, ಟೈಪ್ ಮಾಡುವುದು, ಅನುವಾದದ ಒಂದು ಪುಟ. ಉಳಿದದ್ದೆಲ್ಲ ಪಟ್ಟಿಗೆ. ಪಟ್ಟಿಗೆ ಹೋಯಿತು ಅಂದರೆ ಸತ್ತಿತು ಅಂತಲ್ಲ. ಹೊಸ ಸಾಲು ಹೊಳೆದರೆ ಆ ಹೆಸರಿನ ಕೆಳಗೆ ಬರೆದಿಡಿ, ಅಷ್ಟೇ. ಎಷ್ಟೋ ಕಥೆಗಳು ಹೀಗೆ ಮುಟ್ಟದೆ ಬಿಟ್ಟಾಗಲೇ ಒಳಗೊಳಗೆ ಬಲಿಯುತ್ತವೆ.

ಗಡುವು ಇರುವ ಕೆಲಸ ಬಂದರೆ? ಅದು ಮೇಜಿನ ಮೇಲೆ ಬರಲಿ, ಮೊದಲಿದ್ದದ್ದು ಪಕ್ಕಕ್ಕೆ ಸರಿಯಲಿ. ಮೇಜಿನ ಮೇಲೆ ಎರಡು ಮಾತ್ರ ಬೇಡ.

3. ಬರೆಯುವ ಹೊತ್ತನ್ನು ಗಟ್ಟಿ ಮಾಡಿ

ಮೊದಲ ವಾರದ ಟಿಪ್ಪಣಿ ತೆಗೆದುಕೊಳ್ಳಿ. ತಲೆ ಚುರುಕಾಗಿದ್ದ ಬಿಡುವುಗಳಲ್ಲಿ ಮೂರು ಅಥವಾ ನಾಲ್ಕನ್ನು ಆರಿಸಿ. ಒಂದೊಂದೂ ಒಂದು ಗಂಟೆಯಿಂದ ಒಂದೂವರೆ ಗಂಟೆ ಇದ್ದರೆ ಸಾಕು. ಬೆಳಗಿನ ಜಾವವೇ ಆಗಬೇಕು ಅನ್ನುವುದೆಲ್ಲ ಇಲ್ಲ, ರಾತ್ರಿ ಮನೆಯವರು ಮಲಗಿದ ಮೇಲೆ ಚುರುಕಾಗುವವರೂ ಇದ್ದಾರೆ. ಆದರೆ ಒಮ್ಮೆ ಆರಿಸಿದ ಮೇಲೆ ಅದೇ ದಿನ, ಅದೇ ಹೊತ್ತು ಇರಲಿ. ಈ ವಾರ ಯಾವಾಗ ಬರೆಯಲಿ ಅಂತ ಪ್ರತಿ ಸಲ ಯೋಚಿಸುವುದೇ ಒಂದು ಕೆಲಸ, ಅದನ್ನು ಮೊದಲೇ ಮುಗಿಸಿಬಿಡಿ. ಮನೆಯವರಿಗೂ ಹೇಳಿ. ಬೇರೆಯವರಿಗೆ ಗೊತ್ತಿಲ್ಲದ ಸಮಯವನ್ನು ಬೇರೆಯವರು ಹೇಗೆ ತಾನೇ ಬಿಟ್ಟುಕೊಡುತ್ತಾರೆ?

ಒಂದೂವರೆ ಗಂಟೆ ಒಂದೇ ಸಮನೆ ಕೂರುವುದು ಕಷ್ಟ ಅನ್ನಿಸಿದರೆ ಪೊಮೊಡೊರೊ ವಿಧಾನ ನೋಡಿ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನುವ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು ಇದು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಶುರು ಮಾಡಲು ತುಂಬ ಒಳ್ಳೆಯದು. ಆದರೆ ಕರಡು ಬರೆಯುವಾಗ ಕೈ ಓಡುತ್ತಿದ್ದರೆ ಗಂಟೆ ಬಾರಿಸಿತು ಅಂತ ಏಳಬೇಡಿ, ಟೈಮರ್ ಆಫ್ ಮಾಡಿ ಮುಂದುವರಿಸಿ. ಓದಿಗೆ, ತಿದ್ದುವುದಕ್ಕೆ ಇದನ್ನು ಕಟ್ಟುನಿಟ್ಟಾಗಿ ಬಳಸಬಹುದು. ಹರಿಯುತ್ತಿರುವ ಬರವಣಿಗೆಯನ್ನು ಕತ್ತರಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಬರೆಯುವ ಹೊತ್ತು ಸೋರಿಹೋಗುವುದು ಎಲ್ಲಿ ಗೊತ್ತಾ? ಮೆಸೇಜಿಗಿಂತ ಜಾಸ್ತಿ, "ಒಂದೇ ಒಂದು ವಿಷಯ ನೋಡಿಬಿಡ್ತೀನಿ" ಅನ್ನುವಲ್ಲಿ. ಕಥೆಯಲ್ಲಿ ಹಡಗು ಬಂದರು ಬಿಡುತ್ತದೆ, ಆಗ ಸೈರನ್ ಹಾಕುತ್ತಾರಾ ಇಲ್ಲವಾ ಅಂತ ಅನುಮಾನ, ಬ್ರೌಸರ್ ತೆರೆಯುತ್ತೀರಿ, ಅಲ್ಲಿಂದ ಹಡಗಿನ ಚರಿತ್ರೆ, ಅಲ್ಲಿಂದ ಒಂದು ವಿಡಿಯೋ. ಅರ್ಧ ಗಂಟೆ ಆದ ಮೇಲೆ ವಾಪಸ್ ಬಂದರೆ ಆ ವಾಕ್ಯದ ದನಿಯೇ ಮರೆತುಹೋಗಿರುತ್ತದೆ. ಇದಕ್ಕೆ ಒಂದು ಸುಲಭದ ಉಪಾಯ ಇದೆ. ಗೊತ್ತಿಲ್ಲದ ಕಡೆ ಮೂರು ಗುರುತು ಹಾಕಿ ಮುಂದೆ ಹೋಗಿ: "ಹಡಗು ### ಸದ್ದು ಮಾಡಿ ದಡ ಬಿಟ್ಟಿತು." ಬರೆದು ಮುಗಿದ ಮೇಲೆ ಫೈಲಿನಲ್ಲಿ ### ಅಂತ ಹುಡುಕಿದರೆ ಎಲ್ಲ ಕಡೆಯೂ ಒಟ್ಟಿಗೆ ಸಿಗುತ್ತವೆ. ಅವುಗಳನ್ನು ಓದಿನ ಪಟ್ಟಿಗೆ ಹಾಕಿ. ಅರ್ಧಕ್ಕರ್ಧ ಪ್ರಶ್ನೆಗಳು ಎರಡನೇ ಕರಡಿನ ಹೊತ್ತಿಗೆ ಬೇಕೇ ಆಗಿರುವುದಿಲ್ಲ, ಆ ವಾಕ್ಯವೇ ಹೋಗಿರುತ್ತದೆ.

4. ಏಳುವ ಮುಂಚೆ ಮೂರು ಸಾಲು

ಇದು ಚಿಕ್ಕ ಹೆಜ್ಜೆ, ಆದರೆ ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂದರೆ ಇದನ್ನೇ ಪಾಲಿಸಿ.

ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದರೆ ಮನಸ್ಸಿನ ಒಂದು ಭಾಗ ಹಿಂದಿನದರಲ್ಲೇ ಉಳಿದಿರುತ್ತದೆ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಹಿಂದಿನ ಕೆಲಸ ಮುಗಿಯದೆ ಉಳಿದಿದ್ದರೆ ಮುಂದಿನದು ಕೆಡುತ್ತದೆ. ಬರವಣಿಗೆ ಒಂದೇ ಕೂತಲ್ಲಿ ಮುಗಿಯುವುದೇ ಇಲ್ಲವಲ್ಲ, ಹಾಗಾಗಿ ಬರೆದು ಎದ್ದು ಓದಲು ಕೂತವರಿಗೆ ಇದು ದಿನನಿತ್ಯದ ಪಾಡು. 2018ರಲ್ಲಿ ಅವರೇ ಇನ್ನೊಬ್ಬರ ಜೊತೆ ಸೇರಿ ಇದಕ್ಕೆ ಪರಿಹಾರವನ್ನೂ ಪರೀಕ್ಷಿಸಿದರು: ಕೆಲಸ ಬಿಡುವ ಮುಂಚೆ ಎಲ್ಲಿಗೆ ಬಂದಿದ್ದೇನೆ, ವಾಪಸ್ ಬಂದಾಗ ಮೊದಲು ಏನು ಮಾಡಬೇಕು ಅಂತ ಚುಟುಕಾಗಿ ಬರೆದಿಟ್ಟರೆ ಆ ಎಳೆತ ಕಡಿಮೆಯಾಗುತ್ತದೆ.

ಬರವಣಿಗೆಯಲ್ಲಿ ಅದು ಹೀಗಿರುತ್ತದೆ:

"ಅಕ್ಕ ಇನ್ನೂ ಬಾಗಿಲು ತೆಗೆದಿಲ್ಲ. ಯಾಕೆ ಅಂತ ಓದುವವರಿಗೆ ಈಗಲೇ ಗೊತ್ತಾಗಬಾರದು. ಮುಂದೆ: ತಮ್ಮ ಕಿಟಕಿ ಹತ್ತಿರ ಹೋಗಿ ಅವಳ ಚಪ್ಪಲಿ ನೋಡುತ್ತಾನೆ, ಅಲ್ಲಿಂದ ಶುರು ಮಾಡು. ಮೂರನೇ ಪ್ಯಾರಾ ಉದ್ದ ಆಯಿತು, ಆಮೇಲೆ ನೋಡು, ಈಗ ಮುಟ್ಟಬೇಡ."

ಇದನ್ನು ಫೈಲಿನ ಕೊನೆಯಲ್ಲೇ ಬರೆಯಿರಿ. ಮುಂದಿನ ಸಲ ಕೂತಾಗ ಮೊದಲು ಕಣ್ಣಿಗೆ ಬೀಳುವುದು ಅದೇ ಆಗಿರಬೇಕು. ಖಾಲಿ ಪುಟದ ಮುಂದೆ ಕೂರುವ ಭಯ ಇದರಿಂದ ಎಷ್ಟು ಕಡಿಮೆ ಆಗುತ್ತದೆ ಅಂತ ಮಾಡಿಯೇ ನೋಡಬೇಕು. ಆಮೇಲೆ ಐದು ನಿಮಿಷ ಸುಮ್ನೆ ಓಡಾಡಿ. ಫೋನ್ ಮುಟ್ಟದೆ.

5. ಓದು: ಮುಚ್ಚಿಟ್ಟು ನೆನಪಿಸಿಕೊಳ್ಳುವುದೇ ಓದು

ಇಲ್ಲಿ ಓದು ಅಂದರೆ ಎರಡು ತರ. ಪರೀಕ್ಷೆಗೋ, ಕೋರ್ಸ್‌ಗೋ, ಹೊಸ ಭಾಷೆ ಕಲಿಯುವುದಕ್ಕೋ ಓದುವುದು ಒಂದು. ಬರವಣಿಗೆಗೆ ಬೇಕಾದ ವಿಷಯ ಸಂಗ್ರಹ ಇನ್ನೊಂದು. ಎರಡನ್ನೂ ಒಂದೇ ಹೊತ್ತಿನಲ್ಲಿ ಬೆರೆಸಬೇಡಿ. ಎರಡನೆಯದು ಯಾವಾಗಲೂ ಜಾಸ್ತಿ ರುಚಿಸುತ್ತದೆ, ಮೊದಲನೆಯದನ್ನು ನುಂಗಿಹಾಕುತ್ತದೆ.

ಕಲಿಕೆಯ ಓದಿಗೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಸಿಕ್ಕರೂ ತುಂಬ ದೂರ ಹೋಗಬಹುದು, ಸರಿಯಾಗಿ ಬಳಸಿದರೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ, ಆಮೇಲೆ ನಿಧಾನ ಅನ್ನುವುದು ಅವನು ಕಂಡುಕೊಂಡ ವಿಷಯ. ಹಾಗಾಗಿ ಭಾನುವಾರ ಒಂದೇ ದಿನ ಮೂರು ಗಂಟೆ ಕೂತು ಓದುವುದಕ್ಕಿಂತ ಅದನ್ನೇ ವಾರದಲ್ಲಿ ಹರಡಿಕೊಂಡರೆ ಲಾಭ.

ಇನ್ನೊಂದು ಮಾತು. ಓದಿದ್ದನ್ನೇ ತಿರುಗಿ ಓದುತ್ತಾ ಹೋದರೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಕೊಟ್ಟು ನೋಡಿದರು. ಕೆಲವನ್ನು ಮತ್ತೊಮ್ಮೆ ಓದಿಸಿದರು, ಕೆಲವನ್ನು ಪುಸ್ತಕ ನೋಡದೆ ನೆನಪಿದ್ದಷ್ಟು ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಚೆನ್ನಾಗಿ ನೆನಪಿತ್ತು. ಆದರೆ ಎರಡು ದಿನ ಬಿಟ್ಟು, ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದದ್ದು ಮೇಲುಗೈ ಪಡೆಯಿತು.

ನಿಮ್ಮ ವಾರಕ್ಕೆ ಇದನ್ನು ಇಳಿಸುವುದು ಹೀಗೆ. ಸೋಮವಾರ ಹೊಸ ಪಾಠ ಓದಿ. ಬುಧವಾರ ಪುಸ್ತಕ ತೆರೆಯುವ ಮುಂಚೆ ಒಂದು ಖಾಲಿ ಹಾಳೆಯಲ್ಲಿ ಸೋಮವಾರದ್ದು ನೆನಪಿದ್ದಷ್ಟು ಬರೆಯಿರಿ, ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಶನಿವಾರ ಮತ್ತೆ ಖಾಲಿ ಹಾಳೆ. ಮೊದಮೊದಲು ಕಷ್ಟವಾಗುತ್ತದೆ, ಏನೂ ಬರುವುದಿಲ್ಲ ಅನ್ನಿಸುತ್ತದೆ. ಆ ಕಷ್ಟದಲ್ಲೇ ಕಲಿಕೆ ಆಗುವುದು. ಪದಗಳು, ಇಸವಿಗಳು, ಸೂತ್ರಗಳಾದರೆ ಆಂಕಿ (Anki) ತರಹದ ಫ್ಲ್ಯಾಷ್‌ಕಾರ್ಡ್ ಆ್ಯಪ್ (ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಇರುವ ಕಾರ್ಡುಗಳದ್ದು) ಯಾವ ಕಾರ್ಡನ್ನು ಯಾವ ದಿನ ತೋರಿಸಬೇಕು ಅಂತ ತಾನೇ ಲೆಕ್ಕ ಇಡುತ್ತದೆ. ದಿನಾ ಹತ್ತು ನಿಮಿಷ, ಕಾಯುವ ಹೊತ್ತಿನಲ್ಲೂ ಮಾಡಬಹುದು. ಫೋನ್ ಒಳ್ಳೆಯ ಕೆಲಸಕ್ಕೆ ಬರುವ ಜಾಗಗಳಲ್ಲಿ ಇದೂ ಒಂದು.

ಬರವಣಿಗೆಗಾಗಿ ಓದುವಾಗ ಬೇರೆ ರೀತಿ. ಅಲ್ಲಿ ನೆನಪಿಟ್ಟುಕೊಳ್ಳುವುದು ಮುಖ್ಯವಲ್ಲ, ಬೇಕಾದಾಗ ಸಿಗುವುದು ಮುಖ್ಯ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಜೀವಮಾನದಲ್ಲಿ ಸುಮಾರು 90,000 ಚೀಟಿಗಳನ್ನು ಬರೆದಿಟ್ಟ, ಒಂದಕ್ಕೊಂದು ನಂಬರ್ ಕೊಟ್ಟು ಕೊಂಡಿ ಹಾಕಿದ. ನಮಗೆ ಅಷ್ಟೆಲ್ಲ ಬೇಡ. ಒಂದು ಟಿಪ್ಪಣಿಗೆ ಒಂದೇ ವಿಷಯ, ಅದು ನಿಮ್ಮದೇ ಮಾತಿನಲ್ಲಿ, ಎಲ್ಲಿಂದ ಬಂತು ಅನ್ನುವ ಪುಟ ಸಂಖ್ಯೆ ಸಮೇತ. ಕಾಪಿ ಮಾಡಿ ಪೇಸ್ಟ್ ಮಾಡಿದ ಪ್ಯಾರಾ ಆರು ತಿಂಗಳಾದ ಮೇಲೆ ನೋಡಿದರೆ ಯಾಕೆ ಇಟ್ಟುಕೊಂಡೆ ಅಂತಲೇ ಗೊತ್ತಾಗುವುದಿಲ್ಲ.

6. ಫೋನಿಗೆ ಹೊತ್ತು ಗೊತ್ತು ಮಾಡಿ

ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಕಣ್ಣು ತೆರೆಸುವಂಥದ್ದು. ಕೆಲವರಿಗೆ ನೋಟಿಫಿಕೇಶನ್ ಎಂದಿನಂತೆ ಬರಲು ಬಿಟ್ಟರು, ಕೆಲವರಿಗೆ ದಿನಕ್ಕೆ ಮೂರು ಸಲ ಒಟ್ಟಿಗೆ ಬರುವಂತೆ ಮಾಡಿದರು, ಕೆಲವರಿಗೆ ಪೂರ್ತಿ ನಿಲ್ಲಿಸಿದರು. ದಿನಕ್ಕೆ ಮೂರು ಸಲ ಬಂದವರಲ್ಲಿ ಗಮನ, ಮನಸ್ಥಿತಿ ಎರಡೂ ಸುಧಾರಿಸಿತು. ಪೂರ್ತಿ ನಿಲ್ಲಿಸಿದವರಿಗೆ ಆ ಲಾಭ ಸಿಗಲಿಲ್ಲ, ಏನೋ ತಪ್ಪಿಹೋಗುತ್ತಿದೆ ಅನ್ನುವ ಕಳವಳ ಜಾಸ್ತಿಯಾಯಿತು.

ಅಂದರೆ ದಿನಕ್ಕೆ ಮೂರು ಹೊತ್ತು ಇಟ್ಟುಕೊಳ್ಳಿ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಬೆಳಗಿನದು ಬರೆಯುವುದಕ್ಕಿಂತ ಮುಂಚೆ ಬೇಡ, ಬರೆದ ಮೇಲೆ ಇರಲಿ. ಉಳಿದ ಹೊತ್ತಿನಲ್ಲಿ ಕರೆಗಳು ಮಾತ್ರ ಬರಲಿ. ಡು ನಾಟ್ ಡಿಸ್ಟರ್ಬ್‌ನಲ್ಲಿ ಮನೆಯವರ ನಂಬರ್‌ಗೆ ವಿನಾಯಿತಿ ಕೊಡುವ ಆಯ್ಕೆ ಇದೆ, ಅದನ್ನು ಇವತ್ತೇ ಮಾಡಿ. ವಾಟ್ಸಾಪ್ ಗುಂಪುಗಳನ್ನು ಮ್ಯೂಟ್ ಮಾಡುವಾಗ ಎಂಟು ಗಂಟೆ, ಒಂದು ವಾರ, ಯಾವಾಗಲೂ ಅಂತ ಕೇಳುತ್ತದೆ. "ಯಾವಾಗಲೂ" ಒತ್ತಿ. ನೀವು ಹೋಗಿ ನೋಡಿದಾಗ ಮೆಸೇಜ್ ಅಲ್ಲೇ ಇರುತ್ತವೆ, ಎಲ್ಲೂ ಹೋಗುವುದಿಲ್ಲ.

ಬರೆಯುವವರಿಗೇ ವಿಶೇಷವಾದ ಎರಡು ತೊಂದರೆ ಇವೆ, ಅವನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ.

ಮೊದಲನೆಯದು, ಏನೋ ಹೊಳೆಯಿತು ಅಂತ ಟಿಪ್ಪಣಿ ಮಾಡಲು ಫೋನ್ ತೆಗೆಯುತ್ತೇವೆ. ತೆರೆದ ತಕ್ಷಣ ಬೇರೆ ಏನೋ ಕಾಣುತ್ತದೆ. ಹೊಳೆದದ್ದು ಅಲ್ಲೇ ಮಾಯ. ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಫೋನೇ ಬೇಕು ಅನ್ನುವವರು ಹೋಮ್ ಸ್ಕ್ರೀನಿನ ಮೊದಲ ಪುಟದಲ್ಲಿ ನೋಟ್ಸ್ ಮತ್ತು ವಾಯ್ಸ್ ರೆಕಾರ್ಡರ್ ಬಿಟ್ಟು ಬೇರೇನೂ ಇಡಬೇಡಿ. ಬೇರೆಲ್ಲ ಎರಡನೇ ಪುಟಕ್ಕೆ.

ಎರಡನೆಯದು ಇನ್ನೂ ಗಂಭೀರ. ಬರೆದದ್ದನ್ನು ಪ್ರಕಟಿಸಿದ ಮೇಲೆ ಯಾರು ಓದಿದರು, ಏನು ಹೇಳಿದರು ಅಂತ ಹತ್ತು ನಿಮಿಷಕ್ಕೊಮ್ಮೆ ನೋಡಬೇಕು ಅನ್ನಿಸುತ್ತದೆ. ಅನ್ನಿಸುವುದು ಸಹಜ, ಓದುವವರಿಗಾಗಿಯೇ ಅಲ್ವಾ ನಾವು ಬರೆಯುವುದು. ಆದರೆ ಆ ದಿನದ ಬರವಣಿಗೆ, ಓದು ಎರಡೂ ಹೋಗುತ್ತವೆ. ಹಾಗಾಗಿ ಪ್ರಕಟಿಸುವ ಹೊತ್ತನ್ನೇ ಜಾಣತನದಿಂದ ಆರಿಸಿ. ಬರೆಯುವ ಹೊತ್ತಿಗೆ ಮುಂಚೆ ಎಂದೂ ಪ್ರಕಟಿಸಬೇಡಿ. ಆ ದಿನದ ಬರವಣಿಗೆ ಮುಗಿಸಿ, ಸಂಜೆಯ ಫೋನ್ ಹೊತ್ತಿನ ಶುರುವಿಗೆ ಹಾಕಿ, ಆ ಹೊತ್ತು ಪೂರ್ತಿ ಕೂತು ಉತ್ತರ ಕೊಡಿ, ಖುಷಿಪಡಿ. ಮುಂದಿನದು ನಾಳೆ ಬೆಳಗ್ಗೆ, ಬರೆದ ಮೇಲೆ.

7. ಎಲ್ಲ ಸೇರಿದರೆ ವಾರ ಹೇಗಿರುತ್ತದೆ

ದಿನವಿಡೀ ಕೆಲಸ ಇರುವವರೊಬ್ಬರ ವಾರ ಅಂದುಕೊಳ್ಳಿ. ಮಂಗಳವಾರ, ಗುರುವಾರ ಬೆಳಗ್ಗೆ ಆರರಿಂದ ಏಳೂಕಾಲು ಮೇಜಿನ ಮೇಲಿನ ಪ್ರಾಜೆಕ್ಟ್. ಶನಿವಾರ ಬೆಳಗ್ಗೆ ಅದೇ, ಆದರೆ ನಡುವೆ ವಿರಾಮದೊಂದಿಗೆ ಎರಡು ಗಂಟೆ. ಕಲಿಕೆಯ ಓದು ಸೋಮ, ಬುಧ, ಶುಕ್ರ ರಾತ್ರಿ ಅರ್ಧ ಗಂಟೆ, ಶನಿವಾರ ಮಧ್ಯಾಹ್ನ ಖಾಲಿ ಹಾಳೆ. ಪಕ್ಕದ ಪ್ರಾಜೆಕ್ಟ್ ಗುರುವಾರ ರಾತ್ರಿ, ಸುಸ್ತಿದ್ದರೂ ನಡೆಯುತ್ತದೆ. ಮಂಗಳವಾರ ರಾತ್ರಿ ಏನೂ ಇಲ್ಲ. ಈ ಏನೂ ಇಲ್ಲದ ರಾತ್ರಿಯನ್ನು ತುಂಬಿಸಲು ಹೋಗಬೇಡಿ. ಭಾನುವಾರ ಬೆಳಗ್ಗೆ ಬರವಣಿಗೆಗಾಗಿ ಓದು, ### ಪಟ್ಟಿಯ ಉತ್ತರ ಹುಡುಕುವುದು. ಸಂಜೆ ವಾರದ ಲೆಕ್ಕ.

ಪರೀಕ್ಷೆ ಹತ್ತಿರ ಇರುವ ವಿದ್ಯಾರ್ಥಿಯಾದರೆ ತಿರುಗಿಸಿ: ಚುರುಕಾದ ಹೊತ್ತು ಓದಿಗೆ, ಬರವಣಿಗೆಗೆ ವಾರಕ್ಕೆ ಒಂದೇ ಹೊತ್ತು. ಆ ಒಂದನ್ನು ಮಾತ್ರ ಬಿಡಬೇಡಿ. ಪೂರ್ತಿ ನಿಲ್ಲಿಸಿದ ಕಥೆಗೆ ಎರಡು ತಿಂಗಳ ನಂತರ ವಾಪಸ್ ಬರುವುದು ಬಹಳ ಕಷ್ಟ.

8. ವಾರ ಕೆಟ್ಟಾಗ

ಕೆಡುತ್ತದೆ. ಯಾರಿಗೋ ಹುಷಾರಿಲ್ಲ, ಆಫೀಸಿನಲ್ಲಿ ತುರ್ತು ಕೆಲಸ, ನಿಮಗೇ ಮನಸ್ಸಿಲ್ಲ. ತಪ್ಪಿದ ಹೊತ್ತನ್ನು ಮರುದಿನಕ್ಕೆ ಸೇರಿಸಬೇಡಿ, ಸಾಲದ ತರ ಬೆಳೆಯುತ್ತದೆ. ಹೋದದ್ದು ಹೋಯಿತು, ಮುಂದಿನ ಗೊತ್ತಾದ ಹೊತ್ತಿಗೆ ಕೂತರೆ ಆಯಿತು.

"ಹೀಗಾದರೆ ಹೀಗೆ" ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞ 1999ರಲ್ಲಿ ಈ ಬಗ್ಗೆ ವಿವರವಾಗಿ ಬರೆದಿದ್ದಾರೆ. ಬರೀ ಗುರಿ ಇಟ್ಟುಕೊಳ್ಳುವುದಕ್ಕಿಂತ ಯಾವಾಗ, ಎಲ್ಲಿ, ಹೇಗೆ ಅಂತ ಕಟ್ಟಿಟ್ಟ ಯೋಜನೆ ಕೆಲಸ ಮಾಡುತ್ತದೆ. "ಬೆಳಗ್ಗೆ ಎದ್ದಾಗ ತಡವಾಗಿದ್ದರೆ, ಫೈಲ್ ತೆರೆದು ಹತ್ತು ನಿಮಿಷ ಕೊನೆಯ ಪುಟ ಓದಿ ಒಂದು ವಾಕ್ಯ ತಿದ್ದುತ್ತೇನೆ." "ರಾತ್ರಿ ಓದಲು ಆಗದಿದ್ದರೆ, ಐದು ಕಾರ್ಡ್ ಮಾತ್ರ ನೋಡಿ ಮಲಗುತ್ತೇನೆ." ಇಷ್ಟು ಸಣ್ಣದಿದ್ದರೇ ಒಳ್ಳೆಯದು.

9. ಭಾನುವಾರ ಸಂಜೆ ಇಪ್ಪತ್ತು ನಿಮಿಷ

ಮೂರು ಪ್ರಶ್ನೆ ಸಾಕು. ಮೇಜಿನ ಮೇಲಿನದು ಎಲ್ಲಿಗೆ ಬಂತು? ಖಾಲಿ ಹಾಳೆಯಲ್ಲಿ ಯಾವ ಭಾಗ ಬರಲಿಲ್ಲ? ಅನ್‌ಲಾಕ್ ಸಂಖ್ಯೆ ಹೆಚ್ಚಾದ ದಿನ ಯಾವುದು, ಆ ದಿನ ಏನಾಗಿತ್ತು? ಉತ್ತರ ನೋಡಿಕೊಂಡು ಮುಂದಿನ ವಾರದಲ್ಲಿ ಒಂದನ್ನೇ ಒಂದನ್ನು ಬದಲಾಯಿಸಿ. ಎರಡು ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಲಾಭ ಆಯಿತು ಅಂತ ತಿಳಿಯುವುದಿಲ್ಲ. ಪದಗಳ ಸಂಖ್ಯೆ ಬರೆದಿಡಬೇಕು ಅನ್ನಿಸಿದರೆ ಬರೆದಿಡಿ. ಆದರೆ ತಿದ್ದುವ ವಾರದಲ್ಲಿ ಆ ಸಂಖ್ಯೆ ಇಳಿಯುವುದೇ ಸರಿ.

ಕೊನೆಗೆ ಬ್ಯಾಕಪ್. ಬರೆದದ್ದರ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಂಗ್ರಹದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಲ್ಯಾಪ್‌ಟಾಪ್‌ನಲ್ಲಿ ಒಂದು, ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು ಅಂದರೆ ಸರಿಹೋಯಿತು. ಫೈಲಿನ ಹೆಸರಿನಲ್ಲಿ ತಾರೀಕು ಹಾಕಿ, ಹಳೆಯದರ ಮೇಲೆ ಹೊಸದನ್ನು ಸೇವ್ ಮಾಡಬೇಡಿ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಯಾವುದಾದರೂ ಒಂದು ಫೈಲ್ ತೆರೆದು, ಕೊನೆಯ ಪುಟದವರೆಗೂ ಸರಿಯಾಗಿ ಬಂದಿದೆಯಾ ಅಂತ ನೋಡಿ. ಪ್ರತಿ ಇದೆ ಅಂದುಕೊಂಡು ಕೂತಿದ್ದು, ಬೇಕಾದಾಗ ತೆರೆಯದಿದ್ದರೆ ಏನು ಪ್ರಯೋಜನ?